ಅಪ್ಪ ರೂಮಿನಲ್ಲಿ ವಿಶ್ರಾಂತಿ

ಟಿನ್ ಫ್ಯಾಕ್ಟರಿ ಹತ್ತಿರ, ಕೆ.ಆರ್. ಪುರಂ
8 ಮಾರ್ಚ್ 2026, ಭಾನುವಾರ

ಮಗಳು ಯಮುನಾಳಿಗೆ ಅಪ್ಪ ಬರೆಯುವುದು,

ಹೇಗಿದ್ದೀಯಮ್ಮಾ? ಚೆನ್ನೈ ಸೆಕೆಗೆ ಮಜ್ಜಿಗೆ ಕುಡಿ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳುವ ಬುದ್ಧಿಮಾತನ್ನು ನರ್ಸಮ್ಮನೂ ಸ್ವಲ್ಪ ಕೇಳಲಿ. ಮೊಮ್ಮಗಳ ಕೆಮ್ಮು ವಾಸಿಯಾಯಿತೆಂದು ನಿನ್ನ ತಮ್ಮ ಸುಗತ ಹೇಳಿದ, ಸಮಾಧಾನವಾಯಿತು. ನಾನು ಚೆನ್ನಾಗಿದ್ದೇನೆ. ಇನ್ನೊಂದು ಸಲ ಬರೆಯುತ್ತೇನೆ, ಚೆನ್ನಾಗಿದ್ದೇನೆ. ನಿಮ್ಮಿಬ್ಬರಿಗೂ ಅದು ಗೊತ್ತಿದ್ದಂತಿಲ್ಲ. ಮುಂದಿನದೆಲ್ಲ ಕೋಪದ ಮಾತು. ಫೋನಿನಲ್ಲಿ ಬೈದರೆ "ಆಯ್ತಪ್ಪಾ, ಆಯ್ತಪ್ಪಾ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಏಪ್ರಿಲ್‌ನಲ್ಲಿ ನಾವೆಲ್ಲ ಶ್ರೀಲಂಕಾದಲ್ಲಿ ನೋಡುವ ಜಾಗಗಳ ಪಟ್ಟಿಯನ್ನು ನೀನು ಕಳಿಸಿದ್ದೆಯಲ್ಲ, ಸುಗತ ಅದರ ಪ್ರಿಂಟ್ ತಂದುಕೊಟ್ಟ. ಕನ್ನಡಕ ಒರೆಸಿಕೊಂಡು ಓದಿದೆ. ತಿಮಿಂಗಿಲ ನೋಡುವ ದೋಣಿ, ಆಮೆ ಮರಿಗಳು, ಚಹಾ ತೋಟ, ದೊಡ್ಡ ಸೇತುವೆಯ ಮೇಲೆ ಹೋಗುವ ರೈಲು. ಸಂತೋಷ, ಮಕ್ಕಳು ನೋಡಲಿ. ಆದರೆ ನಾಲ್ಕು ದಿನದ ಪಕ್ಕದಲ್ಲಿ ಒಂದೇ ಮಾತು: "ಅಪ್ಪ ರೂಮಿನಲ್ಲಿ ವಿಶ್ರಾಂತಿ." ನಾನು ಬಾಯಿಬಿಟ್ಟು ಕೇಳಿದ್ದ ಒಂದೇ ಒಂದು ಊರು, ಅನುರಾಧಪುರ, ಎಲ್ಲಿಯೂ ಇಲ್ಲ. ಬದಲಿಗೆ ಕೊನೆಯ ದಿನ ಕೊಲಂಬೊದಲ್ಲಿ "ಒಂದು ವಿಹಾರ, ಅರ್ಧ ಗಂಟೆ, ಅಪ್ಪನಿಗೋಸ್ಕರ." ಅಳುವ ಮಗುವಿನ ಬಾಯಿಗೆ ಪೆಪ್ಪರ್‌ಮೆಂಟು ಹಾಕಿದ ಹಾಗೆ!

ಯಾಕೋ ಎಂದು ಸುಗತನನ್ನು ಕೇಳಿದರೆ, "ಅಲ್ಲಿ ಸಿಕ್ಕಾಪಟ್ಟೆ ಬಿಸ್ಲು, ಬರಿಗಾಲಲ್ಲಿ ಕಲ್ಲಿನ ಮೇಲೆ ನಡೀಬೇಕು. ನಿನ್ ಕೈಲಿ ಆಗಲ್ಲ ಅಪ್ಪಾ. ಅಕ್ಕಾನೇ ಬೇಡ ಅಂದ್ಲು" ಎಂದ. ಯಾರ ಕೈಲಿ ಆಗುವುದಿಲ್ಲ? ದಿನಾ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಹತ್ತಿರ ರಸ್ತೆ ದಾಟಿ ಹಾಲು ತರುವವನು ಯಾರು? ಆ ಬಸ್ಸು, ಲಾರಿಗಳ ನಡುವೆ ನೀವಿಬ್ಬರೂ ಒಂದು ಸಲ ದಾಟಿ ತೋರಿಸಿ, ಆಮೇಲೆ ನನ್ನ ಕಾಲಿನ ವಿಷಯ ಮಾತಾಡೋಣ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದು ಹೋಟೆಲಿನ ಫ್ಯಾನು ನೋಡುವುದಕ್ಕಲ್ಲ.

ನನ್ನ ತಪ್ಪೂ ಇದೆ. ಪಟ್ಟಿ ಬರುವ ಮೊದಲೇ ನಮ್ಮ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಎದ್ದು ನಿಂತು, ಅನುರಾಧಪುರದ ಬೋಧಿವೃಕ್ಷ ನೋಡಲು ಹೋಗುತ್ತಿದ್ದೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಎಲ್ಲರೂ ಸಾಧು ಸಾಧು ಅಂದರು. ಅಲ್ಲಿಗೆ ಬಿಳಿ ಬಟ್ಟೆಯಲ್ಲೇ ಹೋಗಬೇಕೆಂದು ವಿಹಾರದ ಗೆಳೆಯ ಮುನಿರಾಜಪ್ಪ ನನ್ನನ್ನು ಶಿವಾಜಿನಗರಕ್ಕೆ ಕರೆದುಕೊಂಡು ಹೋಗಿ ಪಂಚೆ ಕೊಡಿಸಿದ. ಎದುರುಮನೆ ಮಾರಕ್ಕ ಮರದ ಕೆಳಗಿಡಲು ಅಂಚಿನಲ್ಲಿ ಕಸೂತಿ ಹಾಕಿದ ಬಿಳಿ ವಸ್ತ್ರ ತಂದುಕೊಟ್ಟಳು. ನಿನ್ನೆ ಅವಳಿಗೆ ಪಟ್ಟಿಯ ವಿಷಯ ಹೇಳಿದೆ. "ಏನಣ್ಣಾ, ಮಲಗೋಕೆ ಲಂಕೆಗಂಟ ಹೋಗ್ಬೇಕಾ? ಮನೇಲಿ ಮಂಚ ಇಲ್ವಾ?" ಎಂದು ನಕ್ಕಳು. ನಗು ಬರಲಿಲ್ಲ ನನಗೆ.

ಆ ಮರದ ಕೊಂಬೆಯನ್ನು ಬುದ್ಧಗಯೆಯಿಂದ ಲಂಕೆಗೆ ಒಯ್ದವಳು ಅಶೋಕನ ಮಗಳು ಸಂಘಮಿತ್ತೆ. ಚಿಕ್ಕಂದಿನಲ್ಲಿ ಆ ಕಥೆ ಹೇಳದಿದ್ದರೆ ನೀನು ಊಟ ಮಾಡುತ್ತಿರಲಿಲ್ಲ. ಅವಳು ಒಂದು ಮರವನ್ನೇ ಸಮುದ್ರ ದಾಟಿಸಿದಳು. ನಿನಗೆ ಒಬ್ಬ ಅಪ್ಪನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಲು ಆಗುವುದಿಲ್ಲವೇ?

ಮೊಮ್ಮಗಳಿಗೆ ಮುತ್ತು, ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಕೋಪ ಇಳಿದಿಲ್ಲ, ಆದರೂ ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಚಲುವಯ್ಯ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ನೀನು ಹುಟ್ಟುವ ಮೊದಲು ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯವರ ಜೊತೆ ನಾನೂ ನಿಮ್ಮಮ್ಮನೂ ಬುದ್ಧಗಯೆಗೆ ಹೋಗಿದ್ದೆವು. ಆಗಲೂ ಬಿಸಿಲು. "ನಿನ್ ಕೈಲಿ ಆಗಲ್ಲ ಆದಿಲಕ್ಷ್ಮಿ, ರೂಮಲ್ಲೇ ಇರು" ಎಂದು ಹೇಳಿ ಗೆಳೆಯರ ಜೊತೆ ನಾನೊಬ್ಬನೇ ಹೋಗಿ ಮರ ನೋಡಿಬಂದೆ. ಕೆಳಗೆ ಬಿದ್ದಿದ್ದ ಒಂದು ಎಲೆ ತಂದುಕೊಟ್ಟೆ. ಮರ ಹೇಗಿತ್ತು ಎಂದು ಅವಳು ಸಾಯುವವರೆಗೂ ಕೇಳಲಿಲ್ಲ. ಎಲೆ ಮಾತ್ರ ಅವಳ ಟ್ರಂಕಿನಲ್ಲಿತ್ತು, ಈಗ ಮಾರಕ್ಕನ ವಸ್ತ್ರದಲ್ಲಿ ಮಡಿಸಿಟ್ಟಿದ್ದೇನೆ. ಅವತ್ತು ನೀನು ಅವಳ ಹೊಟ್ಟೆಯಲ್ಲಿ ಐದು ತಿಂಗಳು. ಆ ರೂಮಿನಲ್ಲಿ ನೀನೂ ಇದ್ದೆ, ಯಮುನಾ.