ಹಳದಿ ಅಂಚು

ಮಾರ್ಚ್ ೧೨, ಬುಧವಾರ

‘ಬೆಳಕಿಗೆ ಅಂಚಿಲ್ಲ’ ಎಂದಿತ್ತೇ ಆ ಸಾಲು? ಎಲ್ಲಿ ಓದಿದ್ದೋ. ಹಾಗಿದ್ದರೂ ಒಪ್ಪಲಾರೆ, ಕಣ್ಣು ಮಂಜಾದ ಅಮ್ಮನಿಗೆ ಬೇಕಿರುವುದು ಅಂಚೇ.

ಮೆಟ್ಟಿಲಂಚಿಗೆ ಟೇಪ್ ಅಂಟಿಸಿ ಎಂದು, ಅಮ್ಮನಿಗೆ ಓಡಾಟದ ಅಭ್ಯಾಸ ಮಾಡಿಸುವ ಥೆರಪಿಸ್ಟ್ ಹೇಳಿದಾಗ, ಅಂದ ಕೆಡದಿರಲೆಂದು ಕಲ್ಲಿನ ಬಣ್ಣದ್ದನ್ನೇ ಹುಡುಕಿ ತಂದು ಅಂಟಿಸಿದ್ದೆ. ಅಮ್ಮ ಕೆಳಗಿಳಿಯುವುದನ್ನೇ ಬಿಟ್ಟಳು. ಇವತ್ತು ಥೆರಪಿಸ್ಟ್ ಬಂದು ನೋಡಿ ನಕ್ಕರು.

“ಇದು ಅಮ್ಮನಿಗೆ ಕಾಣ್ಲಿ ಅಂತಲೋ, ಕಾಣ್ದೇ ಇರ್ಲಿ ಅಂತಲೋ?”

ಅದನ್ನು ಕಿತ್ತು, ಕಣ್ಣಿಗೆ ರಾಚುವ ಹಳದಿ ಟೇಪ್ ಎಳೆದರು. ಅಮ್ಮ ಕಂಬಿ ಹಿಡಿದು, ಬಗ್ಗಿ ನೋಡಿದಳು.

“ಈಗ ಮೆಟ್ಟಿಲು ಮೆಟ್ಟಿಲ ಥರ ಇದೆ ಕಣೇ.”

ಎಷ್ಟು ವಿಕಾರ ಆ ಹಳದಿ! ಆದರೂ...

ಸಂಜೆ ನೋಡಿದರೆ ಅಮ್ಮನ ಕೋಣೆ ಖಾಲಿ. ಬಾಗಿಲ ಕಡೆ ಓಡಿದೆ. ಅಷ್ಟರಲ್ಲಿ ಕೆಳಮನೆಯಾಕೆ ಬಾಗಿಲಿಗೆ ಬಂದು ಹೇಳಿದರು: “ನಿಮ್ಮಮ್ಮ ನಮ್ಮನೇಲಿದ್ದಾರೆ. ಕರ್ಕೊಂಡು ಹೋಗೋಕೆ ನೀವೇನೂ ಬರ್ಬೇಡಿ ಅಂತ ಹೇಳಿ ಕಳ್ಸಿದ್ರು.”