ಜಪವೋ ಜೊಂಪೋ

ಗುರುಪತ್ನಿಯವರೇ,

ಪತ್ನಿಯೇ ಗುರುವಾದರೆ ಇನ್ನು ಹೇಗೆ ಕರೆಯಲಿ? ನೀನು ಕಣ್ಣು ಮುಚ್ಚಿದ ಮೇಲೂ ನಾನು ಬೆಳಗ್ಗೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುವುದು ಬಿಟ್ಟಿಲ್ಲ. ಇವತ್ತು ಮನಸ್ಸು ಒಂಚೂರೂ ಅಲುಗಾಡಲಿಲ್ಲ. ಮೌನ ಸಿದ್ಧಿಸಿತು ಅಂತ ಉಬ್ಬಿಹೋದೆ.

"ಕೂತರೆ ಸಾಲದು ರೀ, ಎದ್ದ ಮೇಲೆ ಒಂದು ಪುಟ ಓದಿ. ಆಗಿದ್ದು ಜಪವೋ ಜೊಂಪೋ ಗೊತ್ತಾಗುತ್ತೆ" ಅಂತ ನೀನು ಗೊಣಗುತ್ತಿದ್ದೆಯಲ್ಲ, ಅದಕ್ಕೇ ಮೊದಲ ಸಲ ನಿನ್ನ ಅಧ್ಯಾತ್ಮದ ಪುಸ್ತಕ ತೆರೆದೆ.

"ಮನೆಯಲ್ಲಿ ಸದ್ದಿಲ್ಲದಿರುವುದು ಮೌನವಲ್ಲ; ಯಾವ ಸದ್ದಿಗೂ ಕಾಯದಿರುವುದು ಮೌನ" ಅಂತಿತ್ತು.

ನಾನು ಸಿದ್ಧಿ ಅಂದುಕೊಂಡದ್ದು ಬರೀ ಸದ್ದಿಲ್ಲದ ಮನೆ!

ಆ ಸಾಲನ್ನು ಇನ್ನೊಮ್ಮೆ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಓದಿದೆ. "ನಾನು ಹೇಳಿರಲಿಲ್ವಾ?" ಅನ್ನುತ್ತೀಯೇನೋ ಅಂತ ಸ್ವಲ್ಪ ಹೊತ್ತು ಕಾದೆ.