ರಾಚವ್ವನನ್ನು ಬಿಟ್ಟು ಆಡುವುದಿಲ್ಲ

೧೨ ಫೆಬ್ರವರಿ ೨೦೦೪, ಗುರುವಾರ. ಕಿತ್ತೂರು

ಸಿಟ್ಟು ಇನ್ನೂ ಇಳಿದಿಲ್ಲ. ಶಾಲೆ ಬಿಟ್ಟ ಹುಡುಗಿಯರಿಗಾಗಿ ನಾನು ನಡೆಸುವ ಕಬಡ್ಡಿ ಸಂಘಕ್ಕೆ ಪ್ರಾಯೋಜಕರು ಸಿಗದೆ ಸೋತಿದ್ದಾಗ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಪದ್ಮಜಾಬಾಯಿ ದಾರಿ ತೋರಿಸಿದ್ದರು: "ದೇಣಿಗಿ ಬೇಡಬ್ಯಾಡ. ಮೈದಾನಕ್ಕ ಕರದು ಆಟ ತೋರ್ಸು."

ಇವತ್ತು ಟ್ರ್ಯಾಕ್ಟರ್ ಅಂಗಡಿಯ ಗೌರೀಶ ಬಂದು ನೋಡಿ ಬೆರಗಾದರು. ಆಮೇಲೆ ಮೆಲ್ಲಗೆ, "ಜರ್ಸಿ ಕೊಡಸ್ತೇನಿ. ಆದ್ರ ಗಂಡನ್ನ ಬಿಟ್ಟು ಬಂದಾಕಿ, ಆ ರಾಚವ್ವ ಬ್ಯಾಡ," ಎಂದರು.

ಪಕ್ಕದಲ್ಲಿದ್ದ ಪದ್ಮಜಾಬಾಯಿಯ ಮುಖ ನೋಡಿದೆ. ಉತ್ತರ ನನ್ನದೇ ಆಗಲಿ ಎಂಬಂತೆ ಅವರು ನನ್ನತ್ತಲೇ ಕೈ ತೋರಿಸಿದರು.

"ಹಂಗಾರ ನಿಮ್ಮ ಜರ್ಸಿನೂ ಬ್ಯಾಡ್ರಿ. ಈಗ ನೀವು ಚಪ್ಪಾಳಿ ಹೊಡದದ್ದು ಆಕಿ ಆಟಕ್ಕರೀ," ಎಂದೆ.

ಗೌರೀಶ ಮೈದಾನದಲ್ಲಿದ್ದ ರಾಚವ್ವನತ್ತ ತಿರುಗಿದರು. "ಆಕಿ ಅಳತಿನೂ ಬರ್ಕೊಳ್ರಿ," ಎಂದರು.

ಮನಸ್ಸು ಕರಗಿತೋ, ವ್ಯಾಪಾರ ನೋಡಿದರೋ, ತಿಳಿಯದು. ಅವರ ಅಂಗಡಿಯ ಹೆಸರು ಬೆನ್ನ ಮೇಲೆ ಹೊತ್ತು ಮೊದಲು ನುಗ್ಗುವವಳು ರಾಚವ್ವನೇ. ಯಾರು ಏನಾದರೂ ಅನ್ನಲಿ, ನಾನಂತೂ ರಾಚವ್ವನನ್ನು ಬಿಟ್ಟು ಆಡುವುದಿಲ್ಲ.